ಅಳಿಸಿಹೋದ 736 ಜಿಬಿ ಪಾರ್ಟಿಷನ್: ಫೈಲ್‌ಗಳನ್ನು ಹೆಸರು ಸಮೇತ ವಾಪಸ್ ತಂದ ಲಾಗ್

ಮೊದಲು ಡಿಸ್ಕ್‌ನ ಪರಿಸ್ಥಿತಿ ಹೇಳಿಬಿಡುತ್ತೇನೆ. 1 ಟಿಬಿಯ ಮಾಮೂಲಿ ತಿರುಗುವ ಹಾರ್ಡ್ ಡಿಸ್ಕ್. ಡೇಟಾಗೆಂದೇ ಇಟ್ಟುಕೊಂಡಿದ್ದು. ಜಿಪಿಟಿ ಟೇಬಲ್ (ಡಿಸ್ಕ್‌ನ ವಿಭಾಗಗಳ, ಅಂದರೆ ಪಾರ್ಟಿಷನ್‌ಗಳ ಪಟ್ಟಿ ಇಡುವ ಈಗಿನ ಪದ್ಧತಿ), ಎರಡು ಎನ್‌ಟಿಎಫ್‌ಎಸ್ ಪಾರ್ಟಿಷನ್. ಎನ್‌ಟಿಎಫ್‌ಎಸ್ ಅಂದರೆ ವಿಂಡೋಸ್‌ನ ಫೈಲ್ ಸಿಸ್ಟಮ್, ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ. ಮೊದಲನೆಯದು ಸುಮಾರು 195 ಜಿಬಿ, ಅದರಲ್ಲಿ ಹೋದರೂ ಪರವಾಗಿಲ್ಲ ಅನ್ನುವಂಥ ಸಾಫ್ಟ್‌ವೇರ್‌ಗಳು. ಎರಡನೆಯದು 736 ಜಿಬಿ. ಸ್ನೇಹಿತನ ಮನೆಯ ಅಷ್ಟೂ ಫೋಟೋ, ವಿಡಿಯೊ, ಅವನ ಅಮ್ಮ ಹೇಳಿದ ಕಥೆಗಳ ರೆಕಾರ್ಡಿಂಗ್ ಎಲ್ಲ ಇದ್ದದ್ದು ಅದರಲ್ಲೇ. ಬೇರೆ ಕಡೆ ಕಾಪಿ ಇರಲಿಲ್ಲ.

ಲಿನಕ್ಸ್ ಹಾಕಲು ಮೊದಲನೆಯದನ್ನು ಖಾಲಿ ಮಾಡಬೇಕಿತ್ತು. ಇನ್‌ಸ್ಟಾಲರ್‌ನಲ್ಲಿ ಅಳಿಸಿದ್ದು ಎರಡನೆಯದನ್ನು. ಮುಂದಿನ ಪುಟದಲ್ಲಿ ಖಾಲಿ ಜಾಗ ಅಷ್ಟೊಂದು ಜಾಸ್ತಿ ಕಂಡ ಕೂಡಲೇ ಅವನು ಪವರ್ ಆಫ್ ಮಾಡಿದ್ದ. “ಫಾರ್ಮ್ಯಾಟ್ ಏನೂ ಮಾಡಿಲ್ಲ ಕಣೋ, ಬರೀ ಡಿಲೀಟ್ ಅಷ್ಟೇ” ಅಂತ ಹೇಳಿ ಡಿಸ್ಕ್ ಕೊಟ್ಟ. ಅವನ ಕಣ್ಣಿಗೆ ಕಂಡಿದ್ದು ಅಷ್ಟೇ. ಆದರೆ ಅಷ್ಟರಲ್ಲಿ ಇನ್‌ಸ್ಟಾಲರ್ ಆ ಖಾಲಿ ಜಾಗದ ಶುರುವಿನಲ್ಲೇ 512 ಎಂಬಿಯ ಬೂಟ್ ಪಾರ್ಟಿಷನ್ ಮಾಡಿ, ಅದನ್ನು ಫ್ಯಾಟ್32 ಅನ್ನುವ ಇನ್ನೊಂದು ಫೈಲ್ ಸಿಸ್ಟಮ್ ಆಗಿ ಫಾರ್ಮ್ಯಾಟ್ ಕೂಡ ಮಾಡಿ ಮುಗಿಸಿತ್ತು. ಈ ಲಾಗ್ ಬರೆಯಲು ಕಾರಣವೇ ಅದು. ಬರೀ ಡಿಲೀಟ್ ಆಗಿದ್ದರೆ ಕೆಲಸ ಸುಲಭ. ಮೇಲೆ ಇನ್ನೊಂದು ಪಾರ್ಟಿಷನ್ ಕೂತಾಗ ಏನು ಮಾಡಬೇಕು ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ಆತುರದಲ್ಲಿ ಸಿಕ್ಕಿದ ಮೊದಲ ರಿಕವರಿ ಸಾಫ್ಟ್‌ವೇರ್ ಓಡಿಸಿ, ಹೆಸರಿಲ್ಲದ ಸಾವಿರಾರು ಫೈಲ್‌ಗಳ ರಾಶಿ ಪಡೆದು ಸುಮ್ಮನಾಗುತ್ತಾರೆ. ಅದಕ್ಕಿಂತ ಎಷ್ಟೋ ಚೆನ್ನಾಗಿ ವಾಪಸ್ ತರಬಹುದು.

ಡಿಲೀಟ್ ಮಾಡಿದಾಗ ನಿಜವಾಗಿ ಏನು ಹೋಗುತ್ತದೆ

ಪಾರ್ಟಿಷನ್ ಟೇಬಲ್‌ನಲ್ಲಿ ಇರುವುದು ಬಹಳ ಕಡಿಮೆ ಮಾಹಿತಿ. ಈ ಪಾರ್ಟಿಷನ್ ಇಲ್ಲಿಂದ ಶುರು, ಇಲ್ಲಿಗೆ ಮುಗಿಯಿತು, ಇದು ಇಂಥ ಬಗೆಯದು, ಅಷ್ಟೇ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಡಿಸ್ಕ್‌ನ ಮೊದಲ ಸೆಕ್ಟರ್‌ನಲ್ಲಿ (ಡಿಸ್ಕ್ ಒಂದು ಸಲಕ್ಕೆ ಓದುವ ಅತಿ ಚಿಕ್ಕ ತುಂಡು), ಅಂದರೆ 512 ಬೈಟ್‌ನೊಳಗೆ, ಇಡೀ ಟೇಬಲ್‌ಗೆ ಸಿಗುವುದು 64 ಬೈಟ್. ಒಂದೊಂದು ಪಾರ್ಟಿಷನ್‌ಗೆ 16 ಬೈಟ್‌ನಂತೆ ನಾಲ್ಕು. ಜಿಪಿಟಿಯಲ್ಲಿ ಒಂದೊಂದಕ್ಕೆ 128 ಬೈಟ್, ಸಾಮಾನ್ಯವಾಗಿ 128 ಪಾರ್ಟಿಷನ್‌ಗಳವರೆಗೆ ಜಾಗ. ಡಿಲೀಟ್ ಒತ್ತಿದಾಗ ಈ 128 ಬೈಟ್ ಸೊನ್ನೆಯಾಗುತ್ತವೆ. ಒಳಗಿನ 736 ಜಿಬಿಯನ್ನು ಯಾರೂ ಮುಟ್ಟುವುದಿಲ್ಲ. ಹೊಲದ ಬಾಂದುಕಲ್ಲು ಕಿತ್ತರೆ ಗಡಿ ಗೊತ್ತಾಗದೆ ಇರಬಹುದು, ಬೆಳೆ ಮಾತ್ರ ಅಲ್ಲೇ ನಿಂತಿರುತ್ತದೆ.

ಜಿಪಿಟಿಯ ಇನ್ನೊಂದು ಪ್ರತಿ ಡಿಸ್ಕ್‌ನ ಕೊನೆಯಲ್ಲಿ ಇರುತ್ತದೆ, ಅದರಿಂದ ವಾಪಸ್ ತರಬಹುದಲ್ವಾ ಅಂತ ಅನ್ನಿಸುವುದು ಸಹಜ. ಆದರೆ ಆ ಪ್ರತಿ ಇರುವುದು ಮೊದಲ ಪ್ರತಿ ಕೆಟ್ಟುಹೋದಾಗ ಕೈಹಿಡಿಯಲಿಕ್ಕೆ. ಪಾರ್ಟಿಷನ್ ಮಾಡುವ ತಂತ್ರಾಂಶದಿಂದಲೇ ಡಿಲೀಟ್ ಮಾಡಿದರೆ ಅದು ಎರಡೂ ಕಡೆ ಬರೆಯುತ್ತದೆ. ಹಾಗಾಗಿ ನಮ್ಮ ಕೇಸಿನಲ್ಲಿ ಅದರಿಂದ ಉಪಯೋಗ ಇಲ್ಲ. ಗಡಿಯನ್ನು ಫೈಲ್ ಸಿಸ್ಟಮ್ ಬಿಟ್ಟುಹೋದ ಗುರುತುಗಳಿಂದಲೇ ಹುಡುಕಬೇಕು.

ಮೊದಲ ಕೆಲಸ: ಡಿಸ್ಕ್‌ಗೆ ಒಂದು ಬೈಟ್ ಕೂಡ ಬರೆಯದಿರುವುದು

ಈ ಡಿಸ್ಕನ್ನು ವಿಂಡೋಸ್‌ಗೆ ಹಾಕಲೇ ಇಲ್ಲ. ಹಾಕಿದರೆ ಫಾರ್ಮ್ಯಾಟ್ ಮಾಡಲಾ, ಇನಿಷಿಯಲೈಸ್ ಮಾಡಲಾ ಅಂತ ಕೇಳುವ ಸಾಧ್ಯತೆ ಇದೆ. ಒಂದು ಕ್ಲಿಕ್ ತಪ್ಪಿದರೆ ಇನ್ನಷ್ಟು ಹಾನಿ. ಚೆಕ್‌ಡಿಸ್ಕ್ ಅಂತೂ ಮೂಲ ಡಿಸ್ಕ್ ಮೇಲೆ ಯಾವತ್ತೂ ಓಡಿಸಬಾರದು. ಅದರ ಕೆಲಸ ಫೈಲ್ ಸಿಸ್ಟಮನ್ನು ತಾಳೆ ಮಾಡುವುದು. ತಾಳೆಯಾಗದ ದಾಖಲೆಗಳನ್ನು ಅದು ಕಿತ್ತು ಹಾಕಬಹುದು. ನಮಗೆ ಬೇಕಾದ ಫೈಲ್‌ಗಳ ದಾಖಲೆಯೇ ಅದಾಗಿರಬಹುದು.

ಲೈವ್ ಲಿನಕ್ಸ್ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿದೆ. ಜೋಡಿಸಿದ ಡಿಸ್ಕನ್ನು ತಾನಾಗಿಯೇ ತೆರೆಯುವ ಆಟೋಮೌಂಟ್ ಆಫ್ ಮಾಡಿದೆ. ಡಿಸ್ಕ್ ಜೋಡಿಸಿದ ತಕ್ಷಣ ಬ್ಲಾಕ್‌ಡೆವ್ ಆಜ್ಞೆಯಿಂದ ಅದನ್ನು ಓದಲು ಮಾತ್ರ ಅಂತ ಗುರುತು ಹಾಕಿದೆ.

ಆಮೇಲೆ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ. ಸ್ಮಾರ್ಟ್‌ಸಿಟಿಎಲ್ ಕೊಡುವ ಉದ್ದನೆಯ ಪಟ್ಟಿಯಲ್ಲಿ ನಾನು ಮೊದಲು ನೋಡುವುದು ಮೂರು ಸಾಲು. 5ನೆಯದು, ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳು. 197, ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು. 198, ಸರಿಪಡಿಸಲಾಗದವು. ಇಲ್ಲಿ 5ರ ಮುಂದೆ ಸೊನ್ನೆ, 197ರ ಮುಂದೆ 8. ಈಗಿನ ಡಿಸ್ಕ್‌ಗಳಲ್ಲಿ ಒಳಗಿನ ನಿಜವಾದ ಸೆಕ್ಟರ್ 4096 ಬೈಟ್, ಹೊರಗೆ ತೋರಿಸುವುದು 512. ಅಂದರೆ ಒಂದು ನಿಜವಾದ ಸೆಕ್ಟರ್ ಓದಲು ಬಾರದಿದ್ದರೆ ಹೊರಗೆ 8 ಕಾಣುತ್ತದೆ. ದೊಡ್ಡ ಕಾಯಿಲೆ ಅಲ್ಲ. ಆದರೂ ಇಂಥ ಡಿಸ್ಕ್ ಮೇಲೆ ನೇರವಾಗಿ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡುತ್ತಾ ಕೂರಬಾರದು. ಒಂದೇ ಸಲ ಪೂರ್ತಿ ಓದಿ ಇಮೇಜ್, ಅಂದರೆ ಇಡೀ ಡಿಸ್ಕ್‌ನ ಬೈಟ್‌ಗೆ ಬೈಟ್ ನಕಲನ್ನು ಒಂದು ಫೈಲ್ ಆಗಿ, ಮಾಡಿಕೊಳ್ಳಬೇಕು. ಮಿಕ್ಕ ಕೆಲಸವೆಲ್ಲ ಇಮೇಜ್ ಮೇಲೆ. ತಿರುಗುವಾಗ ಟಕ್ ಟಕ್ ಸದ್ದು ಬರುತ್ತಿದ್ದರೆ ಈ ಹಂತಕ್ಕೂ ಹೋಗದೆ ಪವರ್ ತೆಗೆದು, ಡಿಸ್ಕ್ ಬಿಚ್ಚಿ ರಿಪೇರಿ ಮಾಡುವ ಲ್ಯಾಬ್‌ಗೆ ಕೊಡಬೇಕು. ಯಾವ ಸಾಫ್ಟ್‌ವೇರ್ ಕೂಡ ಆ ಸದ್ದಿಗೆ ಔಷಧ ಅಲ್ಲ.

ಇಮೇಜ್

ಗ್ನೂ ಡಿಡಿರೆಸ್ಕ್ಯೂ ಬಳಸಿದೆ. ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ, ಆಜ್ಞೆಯ ಹೆಸರು ಡಿಡಿರೆಸ್ಕ್ಯೂ. ಬೈಟ್‌ಗಳನ್ನು ನಕಲಿಸುವ ಮಾಮೂಲಿ ಡಿಡಿ ಆಜ್ಞೆಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಓದಲಾಗದ ಜಾಗ ಬಂದರೆ ಡಿಡಿ ಅಲ್ಲೇ ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಅದನ್ನು ಹಾರಿ ಮುಂದೆ ಹೋಗಿ, ಚೆನ್ನಾಗಿರುವ ಜಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಜಾಗಕ್ಕೆ ಆಮೇಲೆ ಬರುತ್ತದೆ. ಎಲ್ಲಿವರೆಗೆ ಓದಿದೆ, ಎಲ್ಲಿ ಸಿಕ್ಕಿಲ್ಲ ಅನ್ನುವುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೂ ಅದೇ ಮ್ಯಾಪ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಆ ಮ್ಯಾಪ್ ಫೈಲ್ ಕೊಡದೆ ಡಿಡಿರೆಸ್ಕ್ಯೂ ಓಡಿಸಿದರೆ ಅರ್ಧ ಉಪಯೋಗ ಹೋದಂತೆ.

ಇಮೇಜ್ ಇಡುವ ಡಿಸ್ಕ್ ಎಷ್ಟು ದೊಡ್ಡದಿರಬೇಕು ಅಂತ ಮೊದಲೇ ಲೆಕ್ಕ ಹಾಕಿ. 1 ಟಿಬಿ ಡಿಸ್ಕ್‌ನಲ್ಲಿ 1,95,35,25,168 ಸೆಕ್ಟರ್ ಇರುತ್ತವೆ. ಅಷ್ಟೇ ಗಾತ್ರದ ಇನ್ನೊಂದು ಡಿಸ್ಕ್‌ಗೆ ಫೈಲ್ ಆಗಿ ಇಡಲು ಹೋದರೆ ಹಿಡಿಸುವುದಿಲ್ಲ, ಯಾಕೆಂದರೆ ಅಲ್ಲಿನ ಫೈಲ್ ಸಿಸ್ಟಮ್ ಕೂಡ ಸ್ವಲ್ಪ ಜಾಗ ತಿನ್ನುತ್ತದೆ. ನಾನು 2 ಟಿಬಿ ತೆಗೆದುಕೊಂಡೆ. ಅದು ಫ್ಯಾಟ್32 ಆಗಿರಬಾರದು, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ.

ಮೊದಲ ಸುತ್ತಿನಲ್ಲಿ ‘ಎನ್’ ಆಯ್ಕೆ ಕೊಟ್ಟೆ, ಅಂದರೆ ಕೆಟ್ಟ ಜಾಗವನ್ನು ಕೆದಕುತ್ತಾ ಕೂರಬೇಡ ಅಂತ. ಆ ಸುತ್ತು ಮುಗಿದ ಮೇಲೆ ಅದೇ ಮ್ಯಾಪ್ ಇಟ್ಟುಕೊಂಡು ಎರಡನೆಯ ಸುತ್ತು, ಈ ಸಲ ಉಳಿದ ಜಾಗವನ್ನು ಮೂರು ಸಲ ಪ್ರಯತ್ನಿಸು ಅಂತ. ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೆ 1 ಟಿಬಿಗೆ ಮೂರು ತಾಸಿನ ಹತ್ತಿರ ಬೇಕು. ಹಳೆಯ ಯುಎಸ್‌ಬಿ 2 ಪೆಟ್ಟಿಗೆಯಲ್ಲಿ ಹಾಕಿದರೆ ಎಂಟು ತಾಸಾದರೂ ಆಗುತ್ತದೆ. ಸಾಟಾ ಕೇಬಲ್‌ನಿಂದ ನೇರ ಜೋಡಿಸುವುದು ಒಳ್ಳೆಯದು. ಕೊನೆಗೆ ಮ್ಯಾಪ್‌ನಲ್ಲಿ ಮೈನಸ್ ಗುರುತಿನ ಒಂದೇ ಸಾಲು ಉಳಿಯಿತು. ಗಾತ್ರ 0ಎಕ್ಸ್1000, ಅಂದರೆ 4096 ಬೈಟ್. ಸ್ಮಾರ್ಟ್ ಹೇಳಿದ ಆ 8 ಸೆಕ್ಟರ್‌ಗಳೇ.

ಇಲ್ಲಿಂದ ಮುಂದೆ ಮೂಲ ಡಿಸ್ಕ್‌ನ ಕೇಬಲ್ ತೆಗೆದು ಪಕ್ಕಕ್ಕಿಟ್ಟೆ.

ಟೆಸ್ಟ್‌ಡಿಸ್ಕ್ ಏನು ಹೇಳಿತು

ಟೆಸ್ಟ್‌ಡಿಸ್ಕ್ ಕ್ರಿಸ್ಟೋಫ್ ಗ್ರೆನಿಯರ್ ಅವರು ಬರೆದ, ಕಳೆದುಹೋದ ಪಾರ್ಟಿಷನ್ ಹುಡುಕುವ ಉಚಿತ ತಂತ್ರಾಂಶ. ನೋಡಲು ಹಳೆಯ ಕಪ್ಪು ಪರದೆ, ಬಾಣದ ಕೀಲಿಗಳಿಂದ ಓಡಾಡಬೇಕು. ಇದಕ್ಕೆ ಡಿಸ್ಕೇ ಬೇಕಂತಿಲ್ಲ, ಇಮೇಜ್ ಫೈಲ್ ಕೊಟ್ಟರೂ ಸಾಕು. ಟೇಬಲ್ ಬಗೆ ಕೇಳಿದಾಗ ಇಎಫ್‌ಐ ಜಿಪಿಟಿ ಆರಿಸಿದೆ. ಆಮೇಲೆ ಅನಲೈಸ್, ಕ್ವಿಕ್ ಸರ್ಚ್.

ಕ್ವಿಕ್ ಸರ್ಚ್‌ಗೆ 195 ಜಿಬಿಯದ್ದು ಸಿಕ್ಕಿತು, 512 ಎಂಬಿಯ ಹೊಸ ಫ್ಯಾಟ್32 ಸಿಕ್ಕಿತು. 736 ಜಿಬಿಯ ಸುದ್ದಿಯೇ ಇಲ್ಲ. ಇಲ್ಲಿ ತುಂಬ ಜನ ಕೈಚೆಲ್ಲುತ್ತಾರೆ. ಆದರೆ ಸಿಗದೆ ಇರಲು ಸರಿಯಾದ ಕಾರಣ ಇದೆ. ಎನ್‌ಟಿಎಫ್‌ಎಸ್ ಪಾರ್ಟಿಷನ್‌ನ ಮೊದಲ ಸೆಕ್ಟರ್ ಅದರ ಬೂಟ್ ಸೆಕ್ಟರ್, ಅಂದರೆ ಪಾರ್ಟಿಷನ್‌ನ ಮೂಲ ವಿವರ ಬರೆದಿಡುವ ಜಾಗ. ಹೊಸ ಪಾರ್ಟಿಷನ್ ಶುರುವಾಗಿದ್ದು ಸರಿಯಾಗಿ ಅದೇ ಸೆಕ್ಟರ್‌ನಲ್ಲಿ. ಹಾಗಾಗಿ ಅಲ್ಲಿ ಈಗ ಫ್ಯಾಟ್32ರ ಬೂಟ್ ಸೆಕ್ಟರ್ ಕೂತಿದೆ.

ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರ್‌ನ ಇನ್ನೊಂದು ಪ್ರತಿಯನ್ನು ಪಾರ್ಟಿಷನ್‌ನ ಕಟ್ಟಕಡೆಯ ಸೆಕ್ಟರ್‌ನಲ್ಲಿ ಇಟ್ಟಿರುತ್ತದೆ. ಶುರುವಿನ 512 ಎಂಬಿ ಏನೇ ಆಗಿರಲಿ, ಕೊನೆಯ ಸೆಕ್ಟರ್ ಅಲ್ಲಿಂದ ನೂರಾರು ಜಿಬಿ ದೂರದಲ್ಲಿ ಸುರಕ್ಷಿತವಾಗಿರುತ್ತದೆ. ಡೀಪರ್ ಸರ್ಚ್ ಹುಡುಕುವ ಗುರುತುಗಳಲ್ಲಿ ಅದೂ ಒಂದು. ಓಡಿಸಿದೆ. ಇಮೇಜ್‌ನ ಕೊನೆಗೆ ಬಂದಾಗ ಎನ್‌ಟಿಎಫ್‌ಎಸ್ ಪಾರ್ಟಿಷನ್ ಒಂದು ಪಟ್ಟಿಗೆ ಸೇರಿತು, ಬ್ಯಾಕಪ್ ಸೆಕ್ಟರ್‌ನಿಂದ ಸಿಕ್ಕಿದ್ದು ಅಂತ ಪಕ್ಕದಲ್ಲೇ ಹೇಳಿತು.

ಇಲ್ಲಿ ಒಂದು ಮಾತು. ಟೆಸ್ಟ್‌ಡಿಸ್ಕ್ ಹೇಳಿದ್ದನ್ನು ಒಪ್ಪಿಕೊಳ್ಳುವ ಮೊದಲು ನಾನು ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಆ ಸೆಕ್ಟರ್ ತೆರೆದು ಲೆಕ್ಕ ತಾಳೆ ನೋಡುತ್ತೇನೆ. ಐದು ನಿಮಿಷದ ಕೆಲಸ. ಹಳೆಯ ಡಿಸ್ಕ್‌ಗಳಲ್ಲಿ ಹಿಂದೆ ಯಾವಾಗಲೋ ಇದ್ದ ಪಾರ್ಟಿಷನ್‌ಗಳ ಬೂಟ್ ಸೆಕ್ಟರ್‌ಗಳೂ ಅಳಿಯದೆ ಉಳಿದಿರುತ್ತವೆ. ಅವೂ ಈ ಪಟ್ಟಿಯಲ್ಲಿ ಬಂದು ದಾರಿ ತಪ್ಪಿಸುತ್ತವೆ.

ಬ್ಯಾಕಪ್ ಸಿಕ್ಕಿದ್ದು 1,95,35,23,711ನೇ ಸೆಕ್ಟರ್‌ನಲ್ಲಿ. ಶುರುವಿನ ಬೈಟ್‌ಗಳು ಇಬಿ 52 90, ಪಕ್ಕದಲ್ಲಿ ಎನ್‌ಟಿಎಫ್‌ಎಸ್ ಅನ್ನುವ ನಾಲ್ಕು ಅಕ್ಷರ. 40ನೇ ಬೈಟ್‌ನಿಂದ ಎಂಟು ಬೈಟ್ ಪಾರ್ಟಿಷನ್‌ನ ಒಟ್ಟು ಸೆಕ್ಟರ್ ಸಂಖ್ಯೆ. ಅಲ್ಲಿ ಇದ್ದದ್ದು 1,54,39,21,663. ಈ ಸಂಖ್ಯೆಯಲ್ಲಿ ಬ್ಯಾಕಪ್ ಸೆಕ್ಟರನ್ನು ಎಣಿಸಿರುವುದಿಲ್ಲ. ಹಾಗಾಗಿ ಬ್ಯಾಕಪ್ ಇರುವ ಜಾಗದಿಂದ ಇದನ್ನು ಕಳೆದರೆ ಪಾರ್ಟಿಷನ್ ಶುರುವಾಗುವ ಸೆಕ್ಟರ್ ನೇರವಾಗಿ ಸಿಗುತ್ತದೆ: 40,96,02,048. ಅದನ್ನು 2048ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಈಗಿನ ತಂತ್ರಾಂಶಗಳು ಪಾರ್ಟಿಷನ್‌ಗಳನ್ನು 1 ಎಂಬಿ ಗಡಿಗೆ ಸರಿಯಾಗಿ ಕೂರಿಸುವುದರಿಂದ ಹೀಗೇ ಬರಬೇಕು. ಹೊಸ ಫ್ಯಾಟ್32 ಶುರುವಾಗಿದ್ದೂ ಇದೇ ಸೆಕ್ಟರ್‌ನಲ್ಲಿ. ಎಲ್ಲ ತಾಳೆಯಾಯಿತು.

ಎಂಎಫ್‌ಟಿ ಉಳಿದಿದೆಯಾ?

ಬೂಟ್ ಸೆಕ್ಟರ್ ಸಿಕ್ಕಿದ್ದು ಸಂತೋಷ, ಆದರೆ ನಿಜವಾದ ಪ್ರಶ್ನೆ ಇದು. ಎಂಎಫ್‌ಟಿ ಅಂದರೆ ಎನ್‌ಟಿಎಫ್‌ಎಸ್‌ನ ಮುಖ್ಯ ದಾಖಲೆ ಪುಸ್ತಕ. ಒಂದೊಂದು ಫೈಲ್‌ಗೂ ಸಾಮಾನ್ಯವಾಗಿ 1 ಕೆಬಿಯ ಒಂದು ದಾಖಲೆ. ಹೆಸರು, ತಾರೀಖು, ಯಾವ ಫೋಲ್ಡರ್, ಡಿಸ್ಕ್‌ನಲ್ಲಿ ಎಲ್ಲೆಲ್ಲಿ ತುಂಡುಗಳಿವೆ, ಎಲ್ಲ ಅದರಲ್ಲೇ. ತೀರ ಚಿಕ್ಕ ಫೈಲ್ ಆದರೆ ಅದರ ಒಳಗಿನ ಬರಹವೂ ಅಲ್ಲೇ ಇರುತ್ತದೆ. ಇದು ಉಳಿದಿದ್ದರೆ ಮೊದಲು ಹೇಗಿತ್ತೋ ಹಾಗೇ ವಾಪಸ್ ಬರುತ್ತದೆ. ಇದು ಹೋದರೆ ಉಳಿಯುವುದು ಹೆಸರಿಲ್ಲದ ತುಂಡುಗಳು.

ಬೂಟ್ ಸೆಕ್ಟರ್‌ನ 48ನೇ ಬೈಟ್‌ನಲ್ಲಿ ಎಂಎಫ್‌ಟಿ ಎಲ್ಲಿದೆ ಅಂತ ಬರೆದಿರುತ್ತದೆ. ಇಲ್ಲಿ ಇದ್ದದ್ದು 7,86,432ನೇ ಕ್ಲಸ್ಟರ್ (ಫೈಲ್‌ಗಳಿಗೆ ಜಾಗ ಹಂಚುವ ಸೆಕ್ಟರ್‌ಗಳ ಗುಂಪು). ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡಿದ ದೊಡ್ಡ ಪಾರ್ಟಿಷನ್‌ಗಳಲ್ಲಿ ಈ ಸಂಖ್ಯೆ ಮತ್ತೆ ಮತ್ತೆ ಕಾಣುತ್ತದೆ. ಕ್ಲಸ್ಟರ್ 4096 ಬೈಟ್ ಆದ್ದರಿಂದ ಇದು ಪಾರ್ಟಿಷನ್ ಶುರುವಿನಿಂದ ಸರಿಯಾಗಿ 3 ಜಿಬಿ ಒಳಗೆ. ಹೊಸ ಪಾರ್ಟಿಷನ್ ಆವರಿಸಿದ್ದು ಮೊದಲ 512 ಎಂಬಿ ಮಾತ್ರ. ಅಂದರೆ ಎಂಎಫ್‌ಟಿಯ ಹತ್ತಿರಕ್ಕೂ ಅದು ಬಂದಿಲ್ಲ. ಇನ್‌ಸ್ಟಾಲರ್ ಹೊಸ ಪಾರ್ಟಿಷನನ್ನು ಪೂರ್ತಿ 736 ಜಿಬಿಗೆ ಎನ್‌ಟಿಎಫ್‌ಎಸ್ ಆಗಿಯೇ ಮಾಡಿದ್ದರೆ ಹೊಸ ಎಂಎಫ್‌ಟಿ ಬಹುಶಃ ಹಳೆಯದರ ತಲೆಯ ಮೇಲೇ ಬಂದು ಕೂರುತ್ತಿತ್ತು.

ಲೆಕ್ಕದ ಪ್ರಕಾರ ಎಂಎಫ್‌ಟಿ ಇರಬೇಕಾದದ್ದು ಇಮೇಜ್‌ನ 41,58,93,504ನೇ ಸೆಕ್ಟರ್‌ನಲ್ಲಿ. ಹೆಕ್ಸ್ ಎಡಿಟರ್‌ನಲ್ಲಿ ಅಲ್ಲಿಗೆ ಹಾರಿದೆ. 46 49 4ಸಿ 45. ಬಲಗಡೆ ಅಕ್ಷರಗಳಲ್ಲಿ ‘ಫೈಲ್’ ಅನ್ನುವ ಗುರುತು. ಪ್ರತಿ 1024 ಬೈಟ್‌ಗೆ ಮತ್ತೆ ಅದೇ. ಕೆಳಗೆ ಇಳಿಯುತ್ತಾ ಹೋದರೆ ಸಾಲುಸಾಲಾಗಿ ದಾಖಲೆಗಳು.

ಸುಮ್ನೆ ಇನ್ನಷ್ಟು ಕೆಳಗೆ ಹೋಗಿ ನೋಡಿದೆ. ಇಂಗ್ಲಿಷ್ ಹೆಸರುಗಳು ಬಲಗಡೆ ಓದಲು ಬರುತ್ತವೆ, ಅಕ್ಷರಕ್ಕೊಂದು ಚುಕ್ಕೆ ಮಧ್ಯೆ ಸೇರಿ. ಕನ್ನಡ ಹೆಸರು ಓದಲು ಬರುವುದಿಲ್ಲ, ಬರೀ ಗೊತ್ತಾಗದ ಚಿಹ್ನೆಗಳು. ಆದರೆ ಎಡಗಡೆಯ ಸಂಖ್ಯೆಗಳನ್ನು ನೋಡಿದರೆ ತಕ್ಷಣ ತಿಳಿಯುತ್ತದೆ. ಎನ್‌ಟಿಎಫ್‌ಎಸ್ ಹೆಸರುಗಳನ್ನು ಯೂನಿಕೋಡ್‌ನಲ್ಲಿ, ಅಕ್ಷರಕ್ಕೆ ಎರಡು ಬೈಟ್‌ನಂತೆ, ಚಿಕ್ಕ ಬೈಟ್ ಮೊದಲು ಬರೆಯುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಜಾಗ 0ಸಿ80ರಿಂದ 0ಸಿಎಫ್ಎಫ್. ಹಾಗಾಗಿ ಕನ್ನಡ ಹೆಸರು ಇದ್ದಲ್ಲಿ ಒಂದು ಬಿಟ್ಟು ಒಂದು ಬೈಟ್ 0ಸಿ ಇರುತ್ತದೆ. ನನ್ನ ಕಣ್ಣಿಗೆ ಬಿದ್ದದ್ದು ಇದು: 85 0ಸಿ, ಎಇ 0ಸಿ, ಸಿಡಿ 0ಸಿ, ಎಇ 0ಸಿ. ಅ, ಮ, ಒತ್ತಿನ ಗುರುತು, ಮ. ‘ಅಮ್ಮ’. ಅವನು ಕಥೆಗಳ ರೆಕಾರ್ಡಿಂಗ್ ಇಟ್ಟಿದ್ದ ಫೋಲ್ಡರ್‌ನ ಹೆಸರು ಶುರುವಾಗುವುದು ಹಾಗೆ. ಕೂಡಲೇ ಅವನಿಗೆ ಫೋನ್ ಮಾಡಿ ಹೇಳಿದೆ, ಫೋಲ್ಡರ್ ಇದೆ, ಹೆಸರೂ ಇದೆ ಅಂತ.

ಬೂಟ್ ಸೆಕ್ಟರ್ ಜಾಗಕ್ಕೆ ವಾಪಸ್

ಇಷ್ಟೆಲ್ಲ ಇದ್ದರೂ ಟೆಸ್ಟ್‌ಡಿಸ್ಕ್‌ನಲ್ಲಿ ‘ಪಿ’ ಒತ್ತಿ ಫೈಲ್ ಪಟ್ಟಿ ಕೇಳಿದರೆ ಫೈಲ್ ಸಿಸ್ಟಮ್ ತೆರೆಯಲು ಆಗುತ್ತಿಲ್ಲ, ಹಾಳಾದಂತಿದೆ ಅಂತಲೇ ಬಂತು. ಇದನ್ನು ನೋಡಿ ಹೆದರಬೇಕಿಲ್ಲ. ಪಾರ್ಟಿಷನ್ ಶುರುವಿನಲ್ಲಿ ಇನ್ನೂ ಫ್ಯಾಟ್32ರ ಬೂಟ್ ಸೆಕ್ಟರ್ ಇದೆ, ಅದಕ್ಕೆ ಹೀಗೆ.

ಮೊದಲು 40,96,02,048ರಿಂದ ಒಂದಷ್ಟು ಸೆಕ್ಟರ್‌ಗಳನ್ನು ಬೇರೆ ಫೈಲ್‌ಗೆ ಉಳಿಸಿಕೊಂಡೆ, ವಾಪಸ್ ಹೋಗಬೇಕಾದರೆ ದಾರಿ ಇರಲಿ ಅಂತ. ಆಮೇಲೆ ಕೊನೆಯ ಸೆಕ್ಟರ್‌ನಿಂದ 512 ಬೈಟ್ ತೆಗೆದು ಶುರುವಿನ ಜಾಗಕ್ಕೆ ಡಿಡಿಯಿಂದ ಬರೆದೆ. ಇಮೇಜ್ ಫೈಲ್ ಒಳಗೆ ಡಿಡಿಯಿಂದ ಬರೆಯುವಾಗ ‘ನೋಟ್ರಂಕ್’ ಆಯ್ಕೆ ಮರೆಯಲೇಬಾರದು. ಅದಿಲ್ಲದಿದ್ದರೆ ಡಿಡಿ ಇಮೇಜ್ ಫೈಲನ್ನು ಅಲ್ಲಿಗೇ ಕತ್ತರಿಸುತ್ತದೆ. ಆಮೇಲೆ ಇಮೇಜ್ ಮಾಡುವ ಕೆಲಸ ಮೊದಲಿಂದ. ಕೈಯಿಂದ ಮಾಡಲು ಧೈರ್ಯ ಬರದಿದ್ದರೆ ಟೆಸ್ಟ್‌ಡಿಸ್ಕ್‌ನ ಅಡ್ವಾನ್ಸ್‌ಡ್ ಮೆನುವಿನಲ್ಲಿ ಬೂಟ್ ಅಂತ ಇದೆ, ಅಲ್ಲಿ ಬ್ಯಾಕಪ್ ಬಿಎಸ್ ಆರಿಸಿದರೆ ಇದೇ ಕೆಲಸವನ್ನು ಅದೇ ಮಾಡುತ್ತದೆ. ಅದಕ್ಕೆ ಮೊದಲು ಇಮೇಜ್‌ನ ಟೇಬಲ್‌ಗೆ ಪಾರ್ಟಿಷನ್ ಸೇರಿಸಿರಬೇಕು.

ಮತ್ತೆ ಪಟ್ಟಿ ಕೇಳಿದೆ. ಇನ್ನೂ ಇಲ್ಲ. ಈ ಸಲದ ಅಡ್ಡಿ ಎಂಎಫ್‌ಟಿ ಮಿರರ್. ಎಂಎಫ್‌ಟಿಯ ಮೊದಲ ನಾಲ್ಕು ದಾಖಲೆಗಳ ಪ್ರತಿ ಇನ್ನೊಂದು ಕಡೆ ಇರುತ್ತದೆ. ಈ ಪಾರ್ಟಿಷನ್‌ನಲ್ಲಿ ಅದು 2ನೇ ಕ್ಲಸ್ಟರ್‌ನಲ್ಲಿ, ಅಂದರೆ ಶುರುವಿನಿಂದ 16ನೇ ಸೆಕ್ಟರ್‌ನಲ್ಲಿ. ಫ್ಯಾಟ್32 ಫಾರ್ಮ್ಯಾಟ್ ತನ್ನ ಮೊದಲ 32 ಸೆಕ್ಟರ್‌ಗಳನ್ನು ಕಾದಿರಿಸಿಕೊಂಡು ಸೊನ್ನೆ ತುಂಬಿತ್ತು. ಮಿರರ್ ಅದರೊಳಗೆ ಸಿಕ್ಕಿ ಹೋಗಿತ್ತು. ಎಂಎಫ್‌ಟಿಗೂ ಮಿರರ್‌ಗೂ ತಾಳೆಯಾಗದಿದ್ದರೆ ಲಿನಕ್ಸ್‌ನ ಎನ್‌ಟಿಎಫ್‌ಎಸ್-3ಜಿ ಡ್ರೈವರ್ ಮೌಂಟ್ ಮಾಡಲು, ಅಂದರೆ ಪಾರ್ಟಿಷನ್ ತೆರೆಯಲು, ಒಪ್ಪುವುದಿಲ್ಲ. ಟೆಸ್ಟ್‌ಡಿಸ್ಕ್‌ನ ಅದೇ ಬೂಟ್ ಮೆನುವಿನಲ್ಲಿ ರಿಪೇರ್ ಎಂಎಫ್‌ಟಿ ಇದೆ. ಎಂಎಫ್‌ಟಿ ಸರಿ ಇದೆ, ಮಿರರ್ ಹಾಳಾಗಿದೆ, ಎಂಎಫ್‌ಟಿಯಿಂದ ಮಿರರ್ ಸರಿ ಮಾಡಲಾ ಅಂತ ಕೇಳಿತು. ಯಾವುದರಿಂದ ಯಾವುದಕ್ಕೆ ಅನ್ನುವುದನ್ನು ಎರಡು ಸಲ ಓದಿ ಒಪ್ಪಿಗೆ ಕೊಟ್ಟೆ.

ಈಗ ‘ಪಿ’ ಒತ್ತಿದರೆ ಪೂರ್ತಿ ಫೋಲ್ಡರ್ ಪಟ್ಟಿ. ವರ್ಷಕ್ಕೊಂದು ಫೋಲ್ಡರ್, ಒಳಗೆ ತಿಂಗಳುಗಳು. ಕನ್ನಡ ಹೆಸರುಗಳು ಆ ಪರದೆಯಲ್ಲಿ ಒಡೆದು ಒಡೆದು ಕಾಣುತ್ತವೆ, ಅದು ಟರ್ಮಿನಲ್‌ನ ಮಿತಿ. ಫೈಲ್‌ಗೆ ಏನೂ ಆಗಿರುವುದಿಲ್ಲ.

ಕಾಪಿ

ಟೆಸ್ಟ್‌ಡಿಸ್ಕ್‌ನಿಂದಲೇ ಕಾಪಿ ಮಾಡಬಹುದು, ‘ಎ’ ಒತ್ತಿ ಎಲ್ಲ ಆರಿಸಿ, ದೊಡ್ಡ ‘ಸಿ’ ಒತ್ತಿದರೆ ಆಯಿತು. ನಾನು ಇನ್ನೊಂದು ದಾರಿ ಹಿಡಿದೆ. ಇಮೇಜನ್ನು ಲೂಪ್ ಡಿವೈಸ್ ಆಗಿ (ಫೈಲನ್ನೇ ಡಿಸ್ಕ್‌ನಂತೆ ತೋರಿಸುವುದು), ಓದಲು ಮಾತ್ರ, ಸರಿಯಾದ ಜಾಗದಿಂದ ತೆರೆದೆ. ಸೆಕ್ಟರ್ ಸಂಖ್ಯೆಯನ್ನು 512ರಿಂದ ಗುಣಿಸಬೇಕು: 2,09,71,62,48,576 ಬೈಟ್. ಅದನ್ನು ಓದಲು ಮಾತ್ರ ಮೌಂಟ್ ಮಾಡಿ ಆರ್‌ಸಿಂಕ್‌ನಿಂದ ಬೇರೆ ಡಿಸ್ಕ್‌ಗೆ ಎಳೆದೆ. ತಾರೀಖುಗಳು ಹಾಗೇ ಉಳಿಯುತ್ತವೆ. ಮಧ್ಯದಲ್ಲಿ ನಿಂತರೆ ಮತ್ತೆ ಅಲ್ಲಿಂದಲೇ ಹೋಗುತ್ತದೆ. ಯಾವ ಫೈಲ್ ಓದಲಾಗಲಿಲ್ಲ ಅನ್ನುವುದೂ ಲಾಗ್‌ನಲ್ಲಿ ಸಿಗುತ್ತದೆ.

ಮೂಲ ಡಿಸ್ಕ್‌ಗೆ ಪಾರ್ಟಿಷನ್ ಟೇಬಲ್ ವಾಪಸ್ ಬರೆದರೆ ಎಲ್ಲ ಒಂದೇ ಕ್ಷಣದಲ್ಲಿ ಸರಿ ಹೋಗುತ್ತದಲ್ವಾ, ಇಷ್ಟೆಲ್ಲ ಯಾಕೆ ಅಂತ ಸ್ನೇಹಿತ ಕೇಳಿದ. ಟೆಸ್ಟ್‌ಡಿಸ್ಕ್‌ನಲ್ಲಿ ರೈಟ್ ಅನ್ನುವ ಬಟನ್ ಇದೆ, ನಿಜ. ಬರೀ ಡಿಲೀಟ್ ಆದ, ಆರೋಗ್ಯವಾದ ಡಿಸ್ಕ್‌ಗೆ ಅದು ಸಾಕಾಗಲೂಬಹುದು. ಆದರೆ ಫೈಲ್‌ಗಳು ಬೇರೆ ಡಿಸ್ಕ್‌ನಲ್ಲಿ ಭದ್ರವಾಗುವ ತನಕ ಮೂಲ ಡಿಸ್ಕ್ ಮೇಲೆ ಏನೂ ಬರೆಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಲೆಕ್ಕ ತಪ್ಪಿದರೆ ಇಮೇಜನ್ನು ಮತ್ತೆ ಮಾಡಬಹುದು, ಡಿಸ್ಕ್ ಒಂದೇ.

ಏನು ಹಾಳಾಗಿದೆ ಅಂತ ಪತ್ತೆ ಮಾಡುವುದು

ಫೈಲ್ ಕಾಣುತ್ತಿದೆ ಅಂದ ಮಾತ್ರಕ್ಕೆ ಒಳಗೆ ಸರಿ ಇದೆ ಅಂತಲ್ಲ. ಎರಡು ಕಡೆ ಹಾನಿ ಆಗಿರುವುದು ಗೊತ್ತೇ ಇತ್ತು. ಓದಲಾಗದ ಆ 4096 ಬೈಟ್ ಒಂದು. ಫ್ಯಾಟ್32 ಬರೆದ ಜಾಗ ಇನ್ನೊಂದು.

ಮೊದಲನೆಯದಕ್ಕೆ ಡಿಡಿರೆಸ್ಕ್ಯೂನಲ್ಲೇ ಒಂದು ಒಳ್ಳೆಯ ಉಪಾಯ ಇದೆ. ಫಿಲ್ ಮೋಡ್ ಅಂತ. ಮ್ಯಾಪ್‌ನಲ್ಲಿ ಕೆಟ್ಟದ್ದು ಅಂತ ಗುರುತಾದ ಜಾಗಕ್ಕೆ ಮಾತ್ರ ನಾವು ಕೊಟ್ಟ ಒಂದು ಪದವನ್ನು ಇಮೇಜ್‌ನಲ್ಲಿ ತುಂಬುತ್ತದೆ. ಕಾಪಿ ಮಾಡುವ ಮೊದಲೇ ಬೇರೆಲ್ಲೂ ಸಿಗಲಾರದ ಒಂದು ಪದವನ್ನು ಹಾಗೆ ತುಂಬಿಸಿದ್ದೆ. ಕಾಪಿ ಆದ ಮೇಲೆ ಅಷ್ಟೂ ಫೈಲ್‌ಗಳಲ್ಲಿ ಗ್ರೆಪ್‌ನಿಂದ ಆ ಪದ ಹುಡುಕಿದೆ. ಒಂದು ವಿಡಿಯೊ ಸಿಕ್ಕಿತು. ಓಡಿಸಿ ನೋಡಿದರೆ ಒಂದು ಕಡೆ ಚಿತ್ರ ಒಂದು ಕ್ಷಣ ಚೌಕಚೌಕವಾಗಿ ಒಡೆದು ಮತ್ತೆ ಸರಿಯಾಗುತ್ತದೆ, ಅಷ್ಟೇ.

ಎರಡನೆಯದಕ್ಕೆ ಎನ್‌ಟಿಎಫ್‌ಎಸ್‌ಕ್ಲಸ್ಟರ್ ಅನ್ನುವ ಚಿಕ್ಕ ಆಜ್ಞೆ. ಈ ಕ್ಲಸ್ಟರ್‌ಗಳು ಯಾವ ಫೈಲ್‌ಗೆ ಸೇರಿದವು ಅಂತ ಹೇಳುತ್ತದೆ. 512 ಎಂಬಿ ಫ್ಯಾಟ್32ಗೆ ಅದರ ಎರಡು ಟೇಬಲ್ ಸೇರಿ ಬರೆದಿದ್ದು 1 ಎಂಬಿಯಷ್ಟು. ಉಳಿದ 511 ಎಂಬಿ ಮುಟ್ಟಿಲ್ಲ, ಫಾರ್ಮ್ಯಾಟ್ ಅಂದರೆ ಇಡೀ ಜಾಗ ಅಳಿಸುವುದಲ್ಲ. ಆ 1 ಎಂಬಿಯೊಳಗೆ ಸಿಕ್ಕಿದ್ದು ಎರಡು ಫೋಟೋ. ಒಂದರ ತಲೆಯೇ ಸೊನ್ನೆಯಾಗಿತ್ತು, ಇನ್ನೊಂದರ ಮೇಲರ್ಧ ಉಳಿದಿತ್ತು. ಆಮೇಲೆ ಎಲ್ಲ ಜೆಪೆಗ್‌ಗಳನ್ನು ಜೆಪೆಗ್‌ಇನ್ಫೋದಿಂದ, ವಿಡಿಯೊ ಮತ್ತು ರೆಕಾರ್ಡಿಂಗ್‌ಗಳನ್ನು ಎಫ್‌ಎಫ್‌ಎಂಪೆಗ್‌ನಿಂದ ಪರೀಕ್ಷಿಸಿದೆ. ಬೇರೆ ತೊಂದರೆ ಕಾಣಲಿಲ್ಲ.

ಫೋಟೋರೆಕ್ ಯಾಕೆ ಕೊನೆಗೆ

ಟೆಸ್ಟ್‌ಡಿಸ್ಕ್ ಜೊತೆಗೇ ಬರುವ ಫೋಟೋರೆಕ್ ಫೈಲ್ ಸಿಸ್ಟಮನ್ನು ನೋಡುವುದೇ ಇಲ್ಲ. ಫೈಲ್‌ಗಳ ತಲೆಗುರುತು ಹುಡುಕುತ್ತದೆ. ಜೆಪೆಗ್ ಆದರೆ ಎಫ್ಎಫ್ ಡಿ8 ಎಫ್ಎಫ್, ಜಿಪ್ ಆದರೆ ಪಿ ಮತ್ತು ಕೆ ಅಕ್ಷರ, ಹೀಗೆ. ಎಂಎಫ್‌ಟಿ ಪೂರ್ತಿ ಹೋದಾಗ ಇದೇ ಆಸರೆ. ಆದರೆ ಹೆಸರು, ಫೋಲ್ಡರ್ ಎರಡೂ ಸಿಗುವುದಿಲ್ಲ. ತುಂಡುತುಂಡಾಗಿ ಹರಡಿದ ದೊಡ್ಡ ವಿಡಿಯೊಗಳು ಅರ್ಧಂಬರ್ಧ ಬರುತ್ತವೆ. ಅದಕ್ಕೇ ಇದನ್ನು ಮೊದಲು ಓಡಿಸಬೇಡಿ ಅಂತ ಹೇಳುವುದು. ಇಲ್ಲಿ ಅದನ್ನು ಓಡಿಸಿದ್ದು ಖಾಲಿ ಜಾಗದ ಮೇಲೆ ಮಾತ್ರ, ಹಿಂದೆ ಯಾವಾಗಲೋ ಅವನು ಅಳಿಸಿದ್ದ ಒಂದಷ್ಟು ಫೋಟೋ ಸಿಗಬಹುದಾ ಅಂತ. ಸಿಕ್ಕವು. ಎಕ್ಸಿಫ್‌ಟೂಲ್‌ನಿಂದ ಕ್ಯಾಮೆರಾ ಬರೆದ ತಾರೀಖನ್ನೇ ಹೆಸರಾಗಿ ಇಟ್ಟು ಬೇರೆ ಫೋಲ್ಡರ್‌ಗೆ ಹಾಕಿದೆ.

ಎಂಎಫ್‌ಟಿ ಅರ್ಧ ಹೋಗಿ ಅರ್ಧ ಉಳಿದಿರುವ ಕೇಸುಗಳಿಗೆ ಡಿಎಂಡಿಇ, ಆರ್‌-ಸ್ಟುಡಿಯೋ, ಯುಎಫ್‌ಎಸ್ ಎಕ್ಸ್‌ಪ್ಲೋರರ್ ಥರದವು ಒಳ್ಳೆಯವು. ಚದುರಿದ ದಾಖಲೆಗಳನ್ನು ಹುಡುಕಿ ಫೋಲ್ಡರ್‌ಗಳನ್ನು ಮತ್ತೆ ಜೋಡಿಸುತ್ತವೆ.

ಇದೇ ಕಥೆ ಎಸ್‌ಎಸ್‌ಡಿಯಲ್ಲಿ ಆಗಿದ್ದರೆ ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ. ಅಲ್ಲಿ ಟ್ರಿಮ್ ಅನ್ನುವುದಿದೆ. ಅಳಿಸುವಾಗಲೋ ಫಾರ್ಮ್ಯಾಟ್ ಮಾಡುವಾಗಲೋ ಈ ಜಾಗ ಇನ್ನು ಬೇಡ ಅಂತ ಡ್ರೈವ್‌ಗೆ ತಿಳಿಸಲಾಗುತ್ತದೆ. ಆಮೇಲೆ ಓದಿದರೆ ಸಾಮಾನ್ಯವಾಗಿ ಬರುವುದು ಬರೀ ಸೊನ್ನೆ. ಎಸ್‌ಎಂಆರ್ ಬಗೆಯ (ಸಾಲುಗಳನ್ನು ಒಂದರ ಅಂಚಿನ ಮೇಲೊಂದು ಬರುವಂತೆ ಬರೆಯುವ) ಕೆಲವು ಹಾರ್ಡ್ ಡಿಸ್ಕ್‌ಗಳೂ ಟ್ರಿಮ್ ಒಪ್ಪುತ್ತವೆ, ಆದ್ದರಿಂದ ತಿರುಗುವ ಡಿಸ್ಕ್ ಅಂದ ಮಾತ್ರಕ್ಕೆ ನಿಶ್ಚಿಂತೆ ಅಂತಲ್ಲ. ಬಿಟ್‌ಲಾಕರ್ (ವಿಂಡೋಸ್‌ನ ಗೂಢಲಿಪಿ ಬೀಗ) ಹಾಕಿದ ಪಾರ್ಟಿಷನ್ ಆದರೆ ಗಡಿ ಹುಡುಕಿದ ಮೇಲೂ ಪಾಸ್‌ವರ್ಡ್ ಅಥವಾ 48 ಅಂಕಿಯ ರಿಕವರಿ ಕೀ ಬೇಕೇ ಬೇಕು.

ಸ್ನೇಹಿತನಿಗೆ ಫೈಲ್‌ಗಳನ್ನು ಎರಡು ಬೇರೆ ಡಿಸ್ಕ್‌ಗಳಲ್ಲಿ ಕೊಟ್ಟೆ. ಅವನು ಎಲ್ಲ ಫೋಲ್ಡರ್ ತೆರೆದು ನೋಡಿ ಸರಿ ಇದೆ ಅನ್ನುವ ತನಕ ಇಮೇಜ್ ಮತ್ತು ಮೂಲ ಡಿಸ್ಕ್ ಎರಡನ್ನೂ ಹಾಗೇ ಇಟ್ಟಿದ್ದೆ. ಆಮೇಲೆ ಹಳೆಯ ಡಿಸ್ಕ್‌ಗೆ ಪೂರ್ತಿ ಸೊನ್ನೆ ಬರೆದು ಮತ್ತೆ ಸ್ಮಾರ್ಟ್ ನೋಡಿದೆ. 197 ಈಗ ಸೊನ್ನೆ, 5 ಕೂಡ ಸೊನ್ನೆಯಲ್ಲೇ ಇದೆ. ಅಂದರೆ ಆ ಸೆಕ್ಟರ್ ಹೊಸದಾಗಿ ಬರೆದದ್ದನ್ನು ಒಪ್ಪಿಕೊಂಡಿದೆ, ಬದಲಿ ಜಾಗ ಬೇಕಾಗಲಿಲ್ಲ. ಆದರೂ ಅದರಲ್ಲಿ ಇನ್ನು ಮುಂದೆ ಬೇರೆ ಕಡೆಯೂ ಇರುವ ಫೈಲ್‌ಗಳನ್ನು ಮಾತ್ರ ಇಡು ಅಂತ ಅವನಿಗೆ ಹೇಳಿ, ಡಿಸ್ಕ್ ಮೇಲೆ ಹಾಗೆಂದೇ ಚೀಟಿ ಅಂಟಿಸಿ ಕೊಟ್ಟಿದ್ದೇನೆ.